ಸೈಲಸ್ ಥಾರ್ನನ ಕೊನೆಯ ಮಾತು

ನ್ಯೂಗೇಟ್ ಸೆರೆಮನೆಯ ಮುಂದೆ ಸೈಲಸ್ ಥಾರ್ನನ ದೇಹ ಇನ್ನೂ ಹಗ್ಗದಲ್ಲಿ ತೂಗುತ್ತಿರುವಾಗಲೇ ಜೇಬೆಜ್ ಅವನ ಕೊನೆಯ ಮಾತುಗಳ ಹಾಳೆಯನ್ನು ಕೂಗಿ ಮಾರುತ್ತಿದ್ದ. ಒಡವೆ ಅಂಗಡಿಯ ಮುದುಕನನ್ನು ಕೊಂದನೆಂದು ಗಲ್ಲಿಗೇರಿದವನ ಆ ಮಾತುಗಳು ಹಿಂದಿನ ಸಂಜೆಯೇ ಅಚ್ಚಾಗಿದ್ದವು. ಕೈದಿ ಬಾಯಿ ತೆರೆಯುವ ಮೊದಲೇ ಅವನ ತಪ್ಪೊಪ್ಪಿಗೆಯನ್ನು ಪದ್ಯ ಸಮೇತ ಬರೆದಿಡುವುದು ಆ ಕಸುಬಿನ ರೂಢಿ. ಜನ ಚದುರಿದ ಮೇಲೆ ಹಾಳೆಯನ್ನು ಕೇಳುವವರಿಲ್ಲ.

"ಗಲ್ಲಿನ ಮೆಟ್ಟಿಲು ಹತ್ತುತ್ತಲೇ ಪ್ರಾಸ ಕೂಡಿಸಿಬಿಟ್ನೇನೋ ಪುಣ್ಯಾತ್ಮ?" ಎಂದು ಮೀನು ಮಾರುವವಳೊಬ್ಬಳು ಕೆಣಕಿದಳು.

"ನಿನ್ನ ಮೀನಿಗಿಂತ ತಾಜಾ ಇದೆ, ತಗೋ ತಾಯಿ" ಎಂದ ಜೇಬೆಜ್. ಸುತ್ತಲಿನವರು ನಕ್ಕರು.

ನಗದವಳು ಒಬ್ಬಳೇ. ಮೊಣಕಾಲಿನವರೆಗೆ ಕೆಸರು ಮೆತ್ತಿದ್ದ ಆ ಹಳ್ಳಿ ಹೆಂಗಸು ಹತ್ತಿರ ಬಂದು, ತಾನು ಸೈಲಸ್‌ನ ತಾಯಿ ಎಂದಳು. ಜನಜಂಗುಳಿಯಲ್ಲಿ ಮುಂದೆ ನುಗ್ಗಲಾಗಲಿಲ್ಲವಂತೆ. ಮಗನ ತುಟಿ ಅಲುಗಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲವಂತೆ. ಸೆರೆಮನೆಯಲ್ಲಿ ಅವಳ ಕೈ ಹಿಡಿದು ತಾನು ಕೊಂದಿಲ್ಲವೆಂದು ಆಣೆಯಿಟ್ಟಿದ್ದನಂತೆ. ಊರಿನವರು ಮಾತ್ರ ನಂಬಲಿಲ್ಲ.

"ಸಾಯೋ ಹೊತ್ನಲ್ಲೂ ಅದನ್ನೇ ಹೇಳಿದ್ರೆ ನಂಬ್ತಾರೆ. ಹೇಳಿದ್ನೇನಪ್ಪಾ? ನಂಗೆ ಓದಕ್ಕೆ ಬರಲ್ಲ."

ಹಾಳೆಯ ಮೇಲಿನಿಂದ ಕೆಳಗಿನವರೆಗೆ ಇದ್ದದ್ದು ತಪ್ಪೊಪ್ಪಿಗೆಯೊಂದೇ. ಜೇಬೆಜ್ ಅದನ್ನು ಮುಖಕ್ಕೆ ಅಡ್ಡ ಹಿಡಿದು, ಅದರಲ್ಲಿಲ್ಲದ್ದನ್ನು ಓದಿದ: "ದೇವರಾಣೆಗೂ ನಾನು ಕೊಂದಿಲ್ಲ. ಇದನ್ನ ನನ್ನಮ್ಮನಿಗೆ ತಿಳಿಸಿ."

ಅವಳು ಅಳಲಿಲ್ಲ. ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ, ಅದು ಬರೆದಿರುವುದು ಎಲ್ಲಿ ಎಂದು ಕೇಳಿದಳು. ಜೇಬೆಜ್‌ನ ಬೆರಳು ಗಳಿಗೆ ಹೊತ್ತು ತಡಕಾಡಿ, ದಪ್ಪಕ್ಷರದ ಒಂದು ಸಾಲಿನ ಮೇಲೆ ನಿಂತಿತು. ಅವಳು ಹಾಳೆಯನ್ನು ತೆಗೆದುಕೊಂಡು, ಶಾಲಿಗೆ ಸಿಕ್ಕಿಸಿದ್ದ ಪಿನ್ನನ್ನು ಕಿತ್ತು, ಅವನು ತೋರಿಸಿದ ಸಾಲಿಗೇ ಗುರುತಿಗೆಂದು ಚುಚ್ಚಿದಳು.

'ಈ ಕೈಗಳಿಂದಲೇ ಆ ಮುದುಕನನ್ನು ಕೊಂದೆ' ಎಂಬ ಸಾಲು ಅದು.

"ಕೊಡಮ್ಮ ಅದನ್ನ, ಶಾಯಿ ಸರಿಯಾಗಿ ಮೂಡಿಲ್ಲ" ಎಂದು ಜೇಬೆಜ್ ಕೈಚಾಚಿದ. ಅವಳು ಹಾಳೆಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

"ಇರ್ಲಿ ಬಿಡಪ್ಪ. ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ನಮ್ಮ ಪಾದ್ರಿಗಳ ಕೈಲಿ ಊರೋರೆಲ್ಲರ ಮುಂದೆ ಇದೊಂದು ಸಾಲು ಗಟ್ಟಿಯಾಗಿ ಓದಿಸ್ತೀನಿ."