ಜಾಡು ಬಿಡಿ!

ಲಿಬುಶೆ ಮತ್ತು ಅವಳ ಗಂಡ ಓತಾ ಏದುಸಿರು ಬಿಡುತ್ತಾ ಬೆಟ್ಟದ ನೆತ್ತಿಯ ಹೋಟೆಲಿನ ಮುಂದೆ ಬಂದು ನಿಲ್ಲುವುದಕ್ಕೂ, ಸ್ಕೀ ಕ್ಲಬ್ಬಿನ ಮುಂದಾಳು ರಾದಿಮ್ ಟೋಪಿ ಎಳೆದುಕೊಳ್ಳುತ್ತಾ ಒಳಗಿನಿಂದ ಹೊರಬರುವುದಕ್ಕೂ ಸರಿಹೋಯಿತು. ಅವನ ಹಿಂದೆಯೇ ಕ್ಲಬ್ಬಿನವರೆಲ್ಲ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಒಬ್ಬೊಬ್ಬರ ಬಾಯಿಂದಲೂ ಬೆಳ್ಳುಳ್ಳಿ ಸಾರಿನ ವಾಸನೆ.

"ಅಬ್ಬಾ, ಬಂದ್ರಾ! ಎಲ್ಲರೂ ಬಂದ ಹಾಗಾಯ್ತು. ನಡೀರಿ, ಹೊರಡೋಣ!" ಎಂದು ರಾದಿಮ್ ಚಪ್ಪಾಳೆ ತಟ್ಟಿದ.

ಬೆಳಗ್ಗೆಯಿಂದ ಇದೇ ಕಥೆ. ಕವಲು ದಾರಿಯಲ್ಲೂ ಹೀಗೇ, ಗಡಿಕಲ್ಲಿನ ಹತ್ತಿರವೂ ಹೀಗೇ. ಮುಂದೆ ಹೋದವರು ಕಾಯುವುದಿಲ್ಲ ಎನ್ನುವ ಹಾಗಿಲ್ಲ, ಕಾಯುತ್ತಾರೆ. ಚೆನ್ನಾಗಿ ಸುಧಾರಿಸಿಕೊಂಡು, ರಮ್ ಬೆರೆಸಿದ ಚಹಾ ಕುಡಿದು, ಹರಟೆ ಹೊಡೆದು, ಕೊನೆಯವನ ತಲೆ ಕಂಡ ಕೂಡಲೇ ಎದ್ದುಬಿಡುತ್ತಾರೆ. ಅವರಿಗೆ ಕೂತು ಕೂತು ಸಾಕಾಗಿರುತ್ತದೆ, ಓತಾನಿಗೆ ಕೂರಲು ಪುರಸೊತ್ತೇ ಇಲ್ಲ. ಇದು ಯಾವ ಸೀಮೆಯ ನ್ಯಾಯ? ಹೃದಯದ ಆಪರೇಷನ್ ಆದಮೇಲೆ ಓತಾ ಬೆಟ್ಟಕ್ಕೆ ಬಂದದ್ದು ಇದೇ ಮೊದಲು. "ನಿಧಾನಕ್ಕೆ ಹೋಗಿ, ಆದರೆ ಹೋಗೋದು ಮಾತ್ರ ನಿಲ್ಲಿಸಬೇಡಿ" ಎಂದಿದ್ದರು ಡಾಕ್ಟರು. ಹಿಂದಿನ ದಿನ ಅವನು ಸ್ಕೀ ಹಲಗೆಗಳಿಗೆ ಮೇಣ ತಿಕ್ಕುತ್ತಾ ಸಿಳ್ಳೆ ಹಾಕಿದ್ದ. ಎಷ್ಟೋ ತಿಂಗಳ ಮೇಲೆ ಆ ಸಿಳ್ಳೆ ಕೇಳಿ ಲಿಬುಶೆ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಿದ್ದಳು.

"ರಾದಿಮ್, ಇವನು ಒಂದು ಬಟ್ಟಲು ಸಾರು ಕುಡಿಯೋವರೆಗಾದ್ರೂ ನಿಲ್ರಪ್ಪಾ."

"ಕತ್ತಲಾಗೋದ್ರೊಳಗೆ ಇಳೀಬೇಕಲ್ಲ ಅತ್ತೆ! ನೀವು ಆರಾಮಾಗಿ ಕುಡ್ಕೊಂಡು ಬನ್ನಿ. ನಾವು ಬಸ್ಸಿನ ಹತ್ರ ಕಾಯ್ತಿರ್ತೀವಿ."

"ಕಾಯ್ತೀರಿ, ಕಾಯ್ತೀರಿ. ಬೆಚ್ಚಗೆ ಬಸ್ಸಲ್ಲಿ ಕೂತು, ನಮ್ಮನ್ನ ಬೈಕೊಂಡು ಕಾಯ್ತೀರಿ."

ಹಿಂದಿನಿಂದ ಯಾರೋ ಕೂಗಿದರು: "ಮುಂದಿನ ಸಲ ಜಾರುಬಂಡಿ ತರ್ತೀವಿ ಓತಾ ಮಾಮ, ಕೂರಿಸ್ಕೊಂಡು ಎಳ್ಕೊಂಡು ಹೋಗ್ತೀವಿ!" ಎಲ್ಲರೂ ಗೊಳ್ಳೆಂದು ನಕ್ಕರು. ಓತಾ ಕೂಡ ನಕ್ಕ. ಉಳಿದವರ ನಗುವನ್ನು ಲಿಬುಶೆ ಹೇಗೋ ನುಂಗಿಕೊಂಡಳು, ಅವನ ನಗುವನ್ನು ನುಂಗಿಕೊಳ್ಳಲಾಗಲಿಲ್ಲ.

"ಬಿಡು ಲಿಬೂ," ಎಂದ ಅವನು, ಮೆಲ್ಲಗೆ. "ಅವರದೇನೂ ತಪ್ಪಿಲ್ಲ. ಯಾಕೆ ಎಲ್ಲರಿಗೂ ತೊಂದರೆ? ಇನ್ಮೇಲೆ ನಾನು ಬರಲ್ಲ. ಈ ಹಲಗೆಗಳನ್ನ ಯಾರಿಗಾದ್ರೂ ಕೊಟ್ಬಿಡೋಣ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ರಾದಿಮ್‌ನನ್ನು ಕತ್ತುಪಟ್ಟಿ ಹಿಡಿದು ಹಲಗೆಯ ಮೇಲೆ ನಿಲ್ಲಿಸಿದವನು ಯಾರು? ಹಲಗೆ ಜಾರಲು ಹಿಮದಲ್ಲಿ ಜಾಡು ಕೊರೆಯುವ ಯಂತ್ರ ಇಲ್ಲದ ಕಾಲದಲ್ಲಿ ಎಲ್ಲರಿಗಿಂತ ಮುಂದೆ ನಿಂತು, ತೊಡೆ ಮಟ್ಟದ ಹಿಮ ಸೀಳಿಕೊಂಡು ಇವರಿಗೆಲ್ಲ ದಾರಿ ಮಾಡಿಕೊಟ್ಟವನು ಯಾರು? ಆಗಲೂ ಅಷ್ಟೇ, ಹಿಂದಿನಿಂದ ಯಾರಾದರೂ "ಜಾಡು!" ಎಂದು ಕೂಗಿದರೆ ಸಾಕು, ತಾನು ಮಾಡಿದ ಜಾಡಿನಿಂದಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಈ ಬೆಟ್ಟಗಳಲ್ಲಿ ಅದೇ ರೂಢಿ. ವೇಗವಾಗಿ ಬಂದವನು ಕೂಗುತ್ತಾನೆ, ಮುಂದಿರುವವನು ಎರಡು ಮಾತಾಡದೆ ಹಿಮಕ್ಕಿಳಿದು ದಾರಿ ಬಿಡುತ್ತಾನೆ. ಇನ್ನೊಂದು ರೂಢಿಯೂ ಉಂಟು. ಮುಂದಿನವನ ಹಲಗೆಯನ್ನು ಹಿಂದಿನವನು ತುಳಿಯಬಾರದು. ಅದಕ್ಕಿಂತ ದೊಡ್ಡ ಒರಟುತನ ಇಲ್ಲಿ ಇನ್ನೊಂದಿಲ್ಲ.

ರಾದಿಮ್ ಗುಂಪಿನ ಫೋಟೋ ತೆಗೆಯಲು ಎಲ್ಲರನ್ನೂ ಸಾಲಾಗಿ ನಿಲ್ಲಿಸತೊಡಗಿದ. ಈಗಷ್ಟೇ ಬಂದ ಇಬ್ಬರನ್ನು ಕರೆಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಲಿಬುಶೆ ಚೀಲದಿಂದ ಫ್ಲಾಸ್ಕ್ ತೆಗೆದು ಗಂಡನ ಕೈಗೆ ಬಿಸಿ ಚಹಾ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕಾದು ನಿಂತಳು.

"ಉಸಿರು ಬಂತಾ?"

"ಹೂಂ. ಪರವಾಗಿಲ್ಲ."

"ಹಾಗಾದ್ರೆ ನಡಿ. ನೀನು ಮುಂದೆ, ನಾನು ಹಿಂದೆ."

"ಅವರು ಇನ್ನೂ—"

"ಅವರು ಹಲ್ಲು ಕಿರಿದುಕೊಂಡು ನಿಂತಿರ್ಲಿ. ನೀನು ನಡಿ."

ಅಲ್ಲಿಂದ ಮುಂದಿನ ದಾರಿ ಕುಳ್ಳ ಪೈನ್ ಮರಗಳ ನಡುವೆ ಸಾಗುತ್ತದೆ. ಒಂದೇ ಒಂದು ಜಾಡು, ಎರಡೂ ಕಡೆ ಸೊಂಟದವರೆಗೆ ಹಿಮ. ಓತಾ ತನ್ನ ಪಾಡಿಗೆ ತಾನು ನಿಧಾನವಾಗಿ ಜಾರತೊಡಗಿದ. ಒಂದು ಹಲಗೆ, ಒಂದು ಉಸಿರು, ಇನ್ನೊಂದು ಹಲಗೆ. ಸ್ವಲ್ಪ ದೂರ ಹೋದಮೇಲೆ ಅವನ ಭುಜಗಳು ಸಡಿಲಾದವು. ಸಿಳ್ಳೆ ಬರಲಿಲ್ಲ, ಆದರೆ ತುಟಿ ಅದಕ್ಕೆ ಸಿದ್ಧವಾದಂತೆ ಮುಂದೆ ಬಂತು.

"ಜಾಡು!"

ರಾದಿಮ್‌ನ ದನಿ. ಅವನ ಬೆನ್ನಿಗೆ ಇಡೀ ಕ್ಲಬ್ಬು.

"ಜಾಡು ಬಿಡಿ ಅತ್ತೆ! ಕೇಳಿಸ್ಲಿಲ್ವಾ?"

"ಚೆನ್ನಾಗಿ ಕೇಳಿಸ್ತು. ಪಕ್ಕದಲ್ಲಿ ಬೇಕಾದಷ್ಟು ಹಿಮ ಬಿದ್ದಿದೆ, ಹೊಸ ಜಾಡು ಮಾಡ್ಕೊಂಡು ಹೋಗು. ಹೇಗೆ ಮಾಡೋದು ಅಂತ ಇವನೇ ತಾನೆ ಕಲಿಸಿದ್ದು?"

"ಇದೇನು ಅತ್ತೆ, ರೂಢಿ ಅಂತ ಒಂದಿಲ್ವಾ?"

"ರೂಢಿ! ಬೆಳಗ್ಗೆಯಿಂದ ಎಲ್ಲಿ ಬಚ್ಚಿಟ್ಟಿದ್ದೆ ಅದನ್ನ?"

ರಾದಿಮ್ ಪಕ್ಕದ ಹಿಮಕ್ಕೆ ಕೋಲು ಚುಚ್ಚಿ ನೋಡಿದ. ಕೋಲು ಹಿಡಿಯವರೆಗೂ ಇಳಿಯಿತು. ಅವನು ಇಳಿಯಲಿಲ್ಲ. ಹಿಂದಿದ್ದವರು ಒಬ್ಬರ ಬೆನ್ನಿಗೆ ಒಬ್ಬರು ಬಂದು ನಿಂತು ಗೊಣಗತೊಡಗಿದರು.

ಗೊಣಗಾಟ ಓತಾನ ಕಿವಿಗೆ ಬಿತ್ತು. ಅಷ್ಟು ವರ್ಷಗಳ ಅಭ್ಯಾಸ. ಅವನು ನಿಂತು, ಕೋಲೂರಿ, ಪಕ್ಕಕ್ಕೆ ಸರಿಯಲು ಬಲಗಾಲು ಎತ್ತಹೋದ. ಕಾಲು ಮೇಲೇಳಲಿಲ್ಲ. ತಿರುಗಿ ನೋಡಿದರೆ, ಅವನ ಹಲಗೆಯ ತುದಿಯ ಮೇಲೆ ಲಿಬುಶೆಯ ಹಲಗೆ, ಅದರ ಮೇಲೆ ಅವಳ ಮೈಭಾರವಷ್ಟೂ.

"ಏಯ್ ಲಿಬೂ, ನನ್ನ ಹಲಗೆ ತುಳೀತಿದ್ದೀಯಲ್ಲೇ!"

"ಗೊತ್ತು." ಅವಳು ಕಾಲು ಕದಲಿಸಲಿಲ್ಲ. "ಮುಂದಕ್ಕೆ ಹೋಗೋದಾದ್ರೆ ತೆಗೀತೀನಿ. ಪಕ್ಕಕ್ಕೆ ಸರಿಯೋದಾದ್ರೆ ತೆಗೆಯಲ್ಲ."