ಉಪ್ಪಿಲ್ಲದ ಬಜ್ಜಿ

"ಉಪ್ ಆಕ್ಬ್ಯಾಡ ಅಂತ ಎಷ್ಟ್ ಸಲ ಯೋಳ್ಬೇಕಕ್ಕ?" ಮಾದೇಶ ಮಲ್ಲಾಜಮ್ಮನ ಕೈಯಿಂದ ಉಪ್ಪಿನ ಡಬ್ಬಿ ಕಿತ್ತುಕೊಂಡ.

"ಉಪ್ಪಿಲ್ದಿದ್ ಬಜ್ಜೀನ ನಾಯೀನೂ ಮೂಸಲ್ಲ ಕಣಪ್ಪ."

"ತಿನ್ನೋ ತಾವ ಉದುರುಸ್ಕತರೆ ಬುಡು. ನೀನು ಕರಿ."

ಮಲ್ಲಾಜಮ್ಮ ಕರಿದಳು. ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರು ಹನ್ನೊಂದು ವರ್ಷ ಬಜ್ಜಿ ಗಾಡಿ ನಡೆಸಿದವಳು. ರಸ್ತೆ ಅಗಲವಾದಾಗ ಗಾಡಿ ಹೋಯಿತು, ಕೈರುಚಿಯ ಹೆಸರು ಉಳಿಯಿತು. ಆ ಹೆಸರು ಕೇಳಿಯೇ ಮಾದೇಶ ತೆರಕಣಾಂಬಿ ರಸ್ತೆಯ ತನ್ನ ತಗಡಿನ ಶೆಡ್ಡಿಗೆ ಅವಳನ್ನು ಕರೆದದ್ದು. ನಾಲ್ಕು ತಿಂಗಳಾಗಿತ್ತು. ಮಗಳು ಪವಿತ್ರಳ ಕಾಲೇಜು ನಡೆಯುತ್ತಿದ್ದುದು ಈ ಕೂಲಿಯಿಂದಲೇ.

ಆದರೆ ಶೆಡ್ಡಿನೊಳಗೆ ಕರಿಯಲು ಇದ್ದದ್ದೆಲ್ಲ ಕೆಟ್ಟ ಸರಕು. ಮಾರುಕಟ್ಟೆಯಲ್ಲಿ ಯಾರೂ ಮುಟ್ಟದ ಬಾಳೆಕಾಯಿ, ಹುಳ ಹತ್ತಿದ ಬದನೆ, ಮುಗ್ಗಲು ಹಿಡಿದ ಹಿಟ್ಟು. ಎಣ್ಣೆ ಮಾತ್ರ ಹೊಸದು. ಬಂಡೀಪುರದ ಗೇಟು ಬೆಳಗ್ಗೆ ತೆರೆದ ಮೇಲೆ ಕೇರಳದ ಲಾರಿ ಬಂದು ತಾಳೆ ಎಣ್ಣೆಯ ಡಬ್ಬಗಳನ್ನು ಇಳಿಸುತ್ತಿತ್ತು. ಬೆಳಗ್ಗೆ ಹೊನ್ನಿನ ಬಣ್ಣ, ಸಂಜೆಗೆ ಡಾಂಬರು. ಉರಿ ತಗ್ಗಿಸಲು ಮಾದೇಶ ಬಿಡುತ್ತಿರಲಿಲ್ಲ. ನಿನ್ನೆಯ ಬಜ್ಜಿಯನ್ನೇ ಮತ್ತೆ ಬಾಣಲೆಗೆ ಸುರಿಸಿದ ದಿನಗಳೂ ಇದ್ದವು. ಕಪ್ಪು ಎಣ್ಣೆಯನ್ನು ತುಪ್ಪ ಸೋಸುವಷ್ಟು ಜೋಪಾನವಾಗಿ ಸೋಸಿ ಡ್ರಮ್ಮಿಗೆ ತುಂಬುತ್ತಿದ್ದ. ಬಜ್ಜಿ ಮೂಟೆಗಳಲ್ಲಿ ಆಟೊ ಹತ್ತಿ ಹಂಗಳದ ಕಡೆ ಹೋಗುತ್ತಿತ್ತು.

ಹಂಗಳದಲ್ಲಿ ಶಾಲೆ ಇದೆ. ಗೋಪಾಲಸ್ವಾಮಿ ಬೆಟ್ಟ ಹತ್ತುವವರು ಬಾಯಾಡಿಸಲು ನಿಲ್ಲುವುದೂ ಅಲ್ಲೇ.

ಒಂದು ಸೋಮವಾರ ಬಿಳಿ ಅಂಗಿಯ ಯುವಕನೊಬ್ಬ ಬಂದ. ಹೆಸರು ಸಿದ್ದಾರ್ಥ. ಕೊರಳಲ್ಲಿ ವಿಮಾನ ಕಂಪನಿಯ ಗುರುತಿನ ಚೀಟಿ. ಬಾಣಲೆಗೆ ಬಗ್ಗಿ ವಾಸನೆ ನೋಡಿ, ಮಲ್ಲಿಗೆ ಮೂಸಿದವನಂತೆ ಮುಖ ಅರಳಿಸಿದ.

"ವಿಮಾನದಲ್ಲೂ ಇದೇನಾ ಸ್ವಾಮಿ?" ಮಲ್ಲಾಜಮ್ಮ ಗಾಬರಿಯಾದಳು.

"ಇನ್ಮೇಲೆ ಇದಿಲ್ಲದೆ ವಿಮಾನ ಏಳಲ್ಲಮ್ಮ. ಹೊಸ ನಿಯಮ."

"ಕೂತೋರು ಬದುಕ್ತರಾ?"

ಸಿದ್ದಾರ್ಥ ಜೋರಾಗಿ ನಕ್ಕ. "ಇನ್ನೂ ಸ್ವಲ್ಪ ಕಪ್ಪಾಗಲಿ" ಎಂದು ಮಾದೇಶನಿಗೆ ಹೇಳಿ ಹೋದ.

ಅಂದು ಮನೆಗೆ ಬಂದವಳೇ ಪವಿತ್ರಳ ಮುಂದೆ ಕಾಗದ, ಪೆನ್ನು ಇಟ್ಟಳು. ಆಹಾರ ಸುರಕ್ಷತೆಯವರಿಗೆ ದೂರು ಬರೆಯಬೇಕು.

"ಕೆಲ್ಸ ಓಯ್ತದೆ ಕಣವ್ವ. ಕಾಲೇಜ್ ಫೀಸು?"

"ಓಗ್ಲಿ ಬುಡಮ್ಮಿ. ನನ್ ಕೈಲಿ ಕರ್ದಿದ್ದ ತಿಂದು ಯಾರ್ದೋ ಮಗ ಆಸ್ಪತ್ರೆ ಸೇರ್ಬೇಕಾ?"

ಒಂಬತ್ತನೆಯ ದಿನ ಚಾಮರಾಜನಗರದಿಂದ ಜೀಪು ಬಂತು. ಅಧಿಕಾರಿ ನೀಲಾವತಿ ನೇರ ಬಾಣಲೆಯ ಬಳಿ ಹೋಗಿ, ಎಣ್ಣೆ ಎಷ್ಟು ಕೆಟ್ಟಿದೆ ಎಂದು ಅಳೆಯುವ ಮೀಟರಿನ ಕಡ್ಡಿಯನ್ನು ಅದಕ್ಕೆ ಇಳಿಸಿದರು.

"ನಲವತ್ತೊಂದು" ಎಂದರು. "ಇಪ್ಪತ್ತೈದು ದಾಟಿದ ಎಣ್ಣೆ ತಿನ್ನೋಕೆ ಯೋಗ್ಯವಲ್ಲ. ಗೊತ್ತಾ?"

"ಗೊತ್ತು ಮೇಡಂ" ಎಂದ ಮಾದೇಶ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ದುಡ್ಡಿನ ಧೈರ್ಯ ಎಂದುಕೊಂಡಳು ಮಲ್ಲಾಜಮ್ಮ.

"ಬಜ್ಜಿ ಎಲ್ಲಿಗೆ ಹೋಗುತ್ತೆ?"

ಮಾದೇಶ ರಸ್ತೆಯತ್ತ ನೋಡಿದ. ಮೂಟೆ ಹೊತ್ತ ಆಟೊ ಆಗಷ್ಟೇ ಶೆಡ್ಡಿನ ಗೇಟು ದಾಟಿತ್ತು.

"ಹತ್ತಮ್ಮ" ಎಂದರು ನೀಲಾವತಿ ಮಲ್ಲಾಜಮ್ಮನಿಗೆ. ಜೀಪು ಆಟೊವನ್ನು ಹಿಂಬಾಲಿಸಿತು. ಗುಂಡ್ಲುಪೇಟೆ ಕಳೆಯಿತು. ಹಂಗಳ ಬಂತು. ಶಾಲೆಯ ಗಂಟೆ ಹೊಡೆದು ಮಕ್ಕಳು ಬಯಲಿಗೆ ನುಗ್ಗಿದ್ದವು. ಮಲ್ಲಾಜಮ್ಮ ಸೀಟಿನ ಅಂಚಿಗೆ ಬಂದಳು.

ಆಟೊ ನಿಲ್ಲಲಿಲ್ಲ. ಊರು ದಾಟಿ ಎಡಕ್ಕೆ, ಕೈಬಿಟ್ಟ ಕಲ್ಲುಕ್ವಾರಿಯ ದಾರಿ ಹಿಡಿಯಿತು. ಚಾಲಕ ಇಳಿದು, ಮೂಟೆಗಳನ್ನು ಒಂದೊಂದಾಗಿ ಹೊಂಡಕ್ಕೆ ಬಿಚ್ಚಿದ.

ಹೊಂಡದಲ್ಲಿ ನಾಲ್ಕು ತಿಂಗಳ ಬಜ್ಜಿ ಇತ್ತು. ಬೂಷ್ಟು ಹಿಡಿದು, ಕೊಳೆತು, ನೊಣ ಮುತ್ತಿ ಗುಂಯ್‌ಗುಟ್ಟುತ್ತಿತ್ತು. ನೀಲಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಹಿಂದೆಯೇ ಮಾದೇಶನ ಬೈಕು ಬಂತು. ಹಿಂದಿನ ಸೀಟಿನಲ್ಲಿ, ಗುಂಡ್ಲುಪೇಟೆಯಲ್ಲಿ ಹತ್ತಿಸಿಕೊಂಡು ಬಂದ ಸಿದ್ದಾರ್ಥ.

"ಒಂದು ಬಜ್ಜೀನೂ ಮಾರಿಲ್ಲ ಮೇಡಂ" ಎಂದ ಮಾದೇಶ. "ಮಾರಿದ್ರೆ ತಾನೆ ನಿಮ್ ಕೇಸು?"

"ಮತ್ತೆ ಕರಿಯೋದು ಯಾಕೆ?"

ಉತ್ತರ ಕೊಟ್ಟವನು ಸಿದ್ದಾರ್ಥ. "ವಿಮಾನಕ್ಕೆ ಅಡುಗೆ ಎಣ್ಣೆಯಿಂದ ಮಾಡಿದ ಹಸಿರು ಇಂಧನ ಬೆರೆಸಬೇಕು ಅಂತ ನಿಯಮ ಮೇಡಂ. ಮುಂದಕ್ಕೆ ಹಾಕಿ ಅಂತ ದೆಹಲಿಗೆ ಎಷ್ಟು ಸಲ ಬರೆದ್ವಿ, ಕೇಳಲಿಲ್ಲ. ಹೊಸ ತಾಳೆ ಎಣ್ಣೆಯಿಂದ ಮಾಡಿದರೆ ತಾಳೆ ತೋಟಕ್ಕೆ ಕಾಡು ಕಡಿದ ಪಾಪ ನಮ್ಮ ತಲೆಗೆ ಕಟ್ಟುತ್ತಾರೆ. ಕರಿದು ಬಿಟ್ಟ ಎಣ್ಣೆಗೆ ಆ ಪಾಪ ಇಲ್ಲ. ಅಂಥ ಎಣ್ಣೆ ಅಷ್ಟು ಸಿಗುತ್ತಾ? ಅದಕ್ಕೇ ಹೊಸದನ್ನ ತಂದು ಹಳೇದು ಮಾಡಿಸ್ತೀವಿ. ಉಪ್ಪು ಬಿದ್ದರೆ ಮಾತ್ರ ಇಂಧನಕ್ಕೆ ಆಗಲ್ಲ."

ನೀಲಾವತಿ ಜೀಪಿನಿಂದ ವರದಿಯ ಪುಸ್ತಕ ತಂದರು. "ಕೆಟ್ಟದ್ದನ್ನ ತಿನ್ನಿಸಿದರೆ ಹಿಡಿಯೋಕೆ ನನಗೆ ಕಾನೂನಿದೆ" ಎಂದರು. "ತಿನ್ನೋದನ್ನ ಕೆಡಿಸಿ ಎಸೆದರೆ ಹಿಡಿಯೋಕೆ ಇಲ್ಲ." ಜೀಪಿನ ಬಾನೆಟ್ಟಿನ ಮೇಲಿಟ್ಟು ವರದಿ ಬರೆದರು: ಎಣ್ಣೆ ಮಿತಿಮೀರಿ ಬಳಸಿದ್ದು, ತಿನ್ನಲು ಯೋಗ್ಯವಲ್ಲ. ದೂರುದಾರರ ಸಹಿಗೆಂದು ಮಲ್ಲಾಜಮ್ಮನತ್ತ ಚಾಚಿದರು. ಪ್ರತಿ ಅಕ್ಷರವೂ ನಿಜವಾಗಿತ್ತು. ಅವಳು ಸಹಿ ಹಾಕಿದಳು.

ಮಾದೇಶ ತನ್ನ ಪ್ರತಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಸಿದ್ದಾರ್ಥನಿಗೆ ಕೊಟ್ಟ. ಸಿದ್ದಾರ್ಥ ಓದಿ, ಮಡಿಸಿ ಜೇಬಿಗಿಟ್ಟು, ಮಲ್ಲಾಜಮ್ಮನಿಗೆ ಕೈಮುಗಿದ.

"ಎಣ್ಣೆ ನಿಜವಾಗಿ ಕರಿದು ಕೆಟ್ಟಿದೆ ಅಂತ ಸರ್ಕಾರದ್ದೊಂದು ಕಾಗದ ಸಿಗದೆ ನಾಲ್ಕು ತಿಂಗಳಿಂದ ನಮ್ಮ ಟ್ಯಾಂಕರ್ ನಿಂತಲ್ಲೇ ನಿಂತಿತ್ತಮ್ಮ."