ಚಟ್ನಿ ಪಾತ್ರೆಯ ನಷ್ಟ

ದಾವಣಗೆರೆಯಲ್ಲಿ ಈಗ ಯಾವ ಅಂಗಡಿಯ ಸಾಮಾನೂ ಸುಮ್ಮನಿರುವುದಿಲ್ಲ. ಕೊಟ್ರಪ್ಪ ಬೆಳಿಗ್ಗೆ ತನ್ನ ಹೋಟೆಲಿನ ಬಾಗಿಲು ತೆರೆದೊಡನೆ ಪಾತ್ರೆಗಳು ಎಂದಿನಂತೆ ನಿನ್ನೆಯ ಲಾಭನಷ್ಟ ಹೇಳತೊಡಗಿದವು.

"ನಾನು ಲಾಭ" ಎಂದಿತು ದೋಸೆ ಹಂಚು.

"ನಾನು ನಷ್ಟ. ಎಲ್ಲಾರೂ ಪುಕ್ಕಟೆ ಹಾಕಿಸ್ಕಂತಾರೆ" ಎಂದಿತು ಚಟ್ನಿ ಪಾತ್ರೆ.

"ಹಂಗಾರೆ ಚಟ್ನಿ ಬಂದ್!" ಎಂದ ಕೊಟ್ರಪ್ಪ.

ಮರುದಿನ ಹಂಚು ಗೊಣಗಿತು: "ನಾನೂ ನಷ್ಟ. ಚಟ್ನಿ ಇಲ್ದೆ ದೋಸೆ ಯಾರು ತಿಂತಾರೆ?"

"ದೋಸೇನೂ ಬಂದ್ ಮಾಡಣ ಬಿಡು" ಎಂದ ಕೊಟ್ರಪ್ಪ.

ದೋಸೆ ಹುಯ್ಯುವ ಹೆಂಡತಿ ನಾಗವೇಣಿ, ಗಲ್ಲಾಪೆಟ್ಟಿಗೆಯ ಹಿಂದಿನ ಅವನ ಕುರ್ಚಿಯನ್ನು ಒರೆಸಿದಳು. "ಅಲ್ರೀ, ಇದನ್ನ ಮಾತ್ರ ಲಾಭನೋ ನಷ್ಟನೋ ಅಂತ ನೀವು ಯಾವತ್ತೂ ಕೇಳೇ ಇಲ್ಲಲ್ರೀ."

ಕುರ್ಚಿ ಗಂಟಲು ಸರಿಮಾಡಿಕೊಂಡಿತು. ಕೊಟ್ರಪ್ಪ ಓಡಿಬಂದು ಅದರ ಮೇಲೆ ಧೊಪ್ಪನೆ ಕೂತುಬಿಟ್ಟ.

"ಮೊದ್ಲು ಕಾಯಿ ತುರಿ, ಚಟ್ನಿ ಆಗ್ಬೇಕು!"